ಮೇಣ ತುಂಬಿದ ಬಿರುಕು

“ಗುಂಬದ ಮ್ಯಾಲ ಕೈ ಇಟ್ಟು ಸುಳ್ಳು ಹೇಳಬ್ಯಾಡ್ರಿ. ಬಂಡಿ ಕುಂದು ಕೈಗೆ ಬರ್ತೈತಿ,” ಎಂದ ಅಬ್ದುಲಸಾಬ.

ರಾಚಪ್ಪ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ನಕ್ಕ. ಹುಬ್ಬಳ್ಳಿಯಿಂದ ಇಳಕಲ್ಲಿಗೆ ಸೀರೆ ವ್ಯಾಪಾರಕ್ಕೆಂದು ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ನಾಲ್ಕಕ್ಷರ ಇಂಗ್ಲಿಷು ಕಲಿತಿದ್ದ. ಹುಬ್ಬಳ್ಳಿ ದಾಟಿ ಮೂಡಲಕ್ಕೆ ಬಂದರೆ ಸಿಗುವವರೆಲ್ಲ ಶುದ್ಧ ದಡ್ಡರೆಂದು ಅವನ ಲೆಕ್ಕ. ಅಬ್ದುಲಸಾಬ ಅವನ ದಮಣಿ ಹೊಡೆಯುವವನು. ದಮಣಿ ಎಂದರೆ ಮೇಲೆ ಕಮಾನು, ಎರಡೂ ಬದಿಗೆ ಪರದೆ ಇರುವ ಸವಾರಿ ಬಂಡಿ. ರಾಚಪ್ಪನ ದಮಣಿಗೆ ಕೆಂಪು ಪರದೆ, ನೊಗ ಕಟ್ಟುವ ಮೂಕಿಗೆ ಹಿತ್ತಾಳೆ ಕಟ್ಟು, ಎತ್ತಿನ ಕೊರಳಿಗೆ ಗೆಜ್ಜೆ. ನೋಡಿದವರು ಮತ್ತೊಮ್ಮೆ ತಿರುಗಿ ನೋಡಬೇಕು, ಹಾಗಿತ್ತು ಮೇಲಿನ ಸೊಗಸು.

ಕೆಳಗಿನ ಸಂಗತಿ ಬೇರೆ. ಅಮೀನಗಡದ ಇಳಿಜಾರಿನಲ್ಲಿ ಬಲಗಾಲಿ ಹಳ್ಳದ ಕೊರಕಲಿಗೆ ಬಿದ್ದು, ಜಾಲಿ ಕಟ್ಟಿಗೆಯ ಅಚ್ಚು ಗಾಲಿಯ ಹತ್ತಿರವೇ ಬಿರುಕು ಬಿಟ್ಟಿತ್ತು. ಹೊಸ ಅಚ್ಚು ಹಾಕಿಸುವ ಬದಲು ರಾಚಪ್ಪ ಆ ಬಿರುಕಿಗೆ ಅರಗು ಮೇಣ ಕಾಸಿ ತುಂಬಿದ. ಮೇಲೆ ಔಡಲೆಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ತಿಕ್ಕಿದ. ಒಣಗಿದ ಮೇಲೆ ಅಲ್ಲೊಂದು ಬಿರುಕಿತ್ತೆಂದು ಹೇಳಲು ಅಚ್ಚು ಮಾಡಿದ ಬಡಿಗನಿಗೂ ಆಗುತ್ತಿರಲಿಲ್ಲ. ಆಮೇಲೆ ಅದನ್ನು ಒತ್ತೆ ಇಡಲು ಗುಡೂರಿನ ಸಕ್ರವ್ವನ ಮನೆಗೆ ಹೊಡೆಸಿಕೊಂಡು ಬಂದ.

ಆ ಸೀಮೆಯಲ್ಲಿ ಬಂಡಿ ಒತ್ತೆ ಇಡಲು ಕಾಗದ ಬೇಕಿರಲಿಲ್ಲ. ಬಂಡಿಯ ಒಡೆಯ ಬಲಗಾಲಿಯ ಗುಂಬದ ಮೇಲೆ, ಅಂದರೆ ಅರಗಳೆಲ್ಲ ಬಂದು ಕೂಡುವ ನಡುವಿನ ದಿಂಡಿನ ಮೇಲೆ, ಬಲಗೈ ಇಟ್ಟು ನನಗೆ ಗೊತ್ತಿದ್ದ ಕುಂದು ಇದರಲ್ಲಿಲ್ಲ ಎನ್ನಬೇಕು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸಿದ ಕಬ್ಬಿಣದ ಕಡಾಣಿಯನ್ನು ಕಿತ್ತು ಸಾಲ ಕೊಟ್ಟವರ ಉಡಿಗೆ ಹಾಕಬೇಕು. ಕಡಾಣಿ ಅವರ ದೀಪದ ಮಾಡದಲ್ಲಿ, ಬಂಡಿ ಅವರ ಅಂಗಳದಲ್ಲಿ. ಸಾಲ ತೀರಿದರೂ ಸರಿ, ತೀರದೆ ಬಂಡಿಯೇ ಅವರ ಪಾಲಾದರೂ ಸರಿ, ಕಿತ್ತ ಕೈಯೇ ಬಂದು ಕಡಾಣಿಯನ್ನು ಮರಳಿ ಹಾಕಬೇಕು. ಸುಳ್ಳು ಹೇಳಿದವನಿಗೆ ಖರೆ ಹೇಳಲು ಅದೇ ಕಡೆಯ ಅವಕಾಶ ಎಂದು ಹಿರಿಯರು ಈ ಪದ್ಧತಿ ಇಟ್ಟಿದ್ದರು. ಅವರಿಗೆ ಮನುಷ್ಯರ ಗುಣ ಗೊತ್ತಿತ್ತು.

ಸಕ್ರವ್ವನ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಬೆಣ್ಣೆ ಮಾರಿ ಮಾರಿ ಅವಳು ಒಂದಿಷ್ಟು ಕೂಡಿಟ್ಟಿದ್ದಳು, ಮಗನಿಗೊಂದು ಜೋಡಿ ಎತ್ತು ಕೊಡಿಸಬೇಕೆಂದು. ಆ ಮಗ ಲಕ್ಷ್ಮಪ್ಪ, ಮೀಸೆ ಈಗಷ್ಟೇ ಚಿಗುರಿದ ಹುಡುಗ, ದಮಣಿ ಅಂಗಳಕ್ಕೆ ಬಂದಾಗಿನಿಂದ ಅದರ ಸುತ್ತಲೇ ಸುತ್ತುತ್ತಿದ್ದ. ಪರದೆ ಸರಿಸಿ ನೋಡಿದ. ಹಿತ್ತಾಳೆ ಕಟ್ಟನ್ನು ಅಂಗಿಯ ತುದಿಯಿಂದ ಒರೆಸಿದ. ಮಗನ ಕಣ್ಣು ನೋಡಿ ತಾಯಿಯ ಮನಸ್ಸು ಸಡಿಲಾಯಿತು. ರೊಕ್ಕ ಮರಳಿ ಬಂದರೆ ಎತ್ತು, ಬರದಿದ್ದರೆ ದಮಣಿ, ಎರಡರಲ್ಲೂ ಮಗನಿಗೇ ಲಾಭ ಎಂದುಕೊಂಡಳು ಪಾಪ.

ರಾಚಪ್ಪ ಗುಂಬದ ಮೇಲೆ ಕೈ ಇಟ್ಟ. ಕುಂದಿಲ್ಲ ಎಂದ. ಬಿಸಿಲಿಗೆ ಕಾದ ಕಟ್ಟಿಗೆಯಿಂದ ಅರಗು ವಾಸನೆ ಸಣ್ಣಗೆ ಎದ್ದಿತು. ಅಬ್ದುಲಸಾಬ ಮುಖ ಆಚೆ ತಿರುಗಿಸಿದ.

“ಖರೇನ?” ಎಂದು ಸಕ್ರವ್ವ ಒಂದೇ ಸಲ ಕೇಳಿದಳು.

“ಖರೆ,” ಎಂದ ರಾಚಪ್ಪ. ಕಡಾಣಿ ಕಿತ್ತು ಅವಳ ಉಡಿಗೆ ಹಾಕಿ, ಅಂಗೈಗೆ ಹತ್ತಿದ ಕೀಲೆಣ್ಣೆಯ ಮಸಿಯನ್ನು ಬೇವಿನ ಗಿಡಕ್ಕೆ ಒರೆಸಿ, ರೊಕ್ಕ ಎಣಿಸಿಕೊಂಡು ಹೋದ.

ತಿರುಗಿ ಕೊಡುವ ಮನಸ್ಸು ಅವನಿಗೆ ಮೊದಲ ದಿನವೇ ಇರಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಹಿಗ್ಗಿದ. ಯುಗಾದಿಗೆ ಕೊಡುತ್ತೇನೆಂದವನು ಯುಗಾದಿ ಕಳೆದ ಮೇಲೆ ಇಳಕಲ್ಲಿನ ಮನೆ ಖಾಲಿ ಮಾಡಿ, ಸೀರೆಗಳ ಗಂಟು ಕಟ್ಟಿಸಿ, ರೈಲು ಹಿಡಿಯಲು ಬಾದಾಮಿಗೆ ಹೊರಡುವ ಸಿದ್ಧತೆ ಮಾಡಿದ. ಸಂತೆಗೆ ಹೋಗುವವರ ಕೈಯಲ್ಲಿ ಗುಡೂರಿಗೆ ಒಂದು ಮಾತು ಹೇಳಿ ಕಳಿಸಿದ. ಸಾಲ ತೀರಿಸಲು ಆಗುವುದಿಲ್ಲ, ದಮಣಿ ನೀವೇ ಇಟ್ಟುಕೊಳ್ಳಿರಿ, ಅಲ್ಲಿಗೆ ಲೆಕ್ಕ ಚುಕ್ತಾ. ಸಕ್ರವ್ವ ಜಗಳ ಮಾಡಲಿಲ್ಲ. ಬಂದು ಕಡಾಣಿ ಹಾಕಿ ಹೋಗು ಎಂದಷ್ಟೇ ಮರಳಿ ಹೇಳಿ ಕಳಿಸಿದಳು.

ಅಬ್ದುಲಸಾಬ ಬೇಡಿಕೊಂಡ. ಗುಡೂರು ಹಾದಿಯಲ್ಲೇ ಇದೆ, ಒಂದು ಗಳಿಗೆ ಇಳಿದು ಹಾಕಿ ಬನ್ನಿ, ಹಾಕುವಾಗ ಬಿರುಕಿನ ಮಾತನ್ನೂ ಹೇಳಿಬಿಡಿ ಎಂದ.

“ಕಡಾಣಿ ಹಾಕಾಕ ಹುಬ್ಬಳ್ಳಿಯಾವನ ಬರಬೇಕೇನು? ಆಕಿ ಮಗನಿಗೆ ಕೈ ಇಲ್ಲೇನು?” ಎಂದ ರಾಚಪ್ಪ. ಅದೇ ಮಾತನ್ನು ಗುಡೂರಿಗೂ ಮುಟ್ಟಿಸಿದ.

ಅಬ್ದುಲಸಾಬ ಅವತ್ತೇ ಕೆಲಸ ಬಿಟ್ಟ. ಬಾರುಕೋಲನ್ನು ರಾಚಪ್ಪನ ಮುಂದಿಟ್ಟು, ಸುಡುಬಿಸಿಲಿನಲ್ಲಿ ಗುಡೂರಿಗೆ ನಡೆದ. ತಡವಾಗಿ ಹೊರಟಿದ್ದ. ಊರ ಮುಂದಿನ ಹಳ್ಳದ ಇಳಿಜಾರಿನಲ್ಲಿ ಜನ ನೆರೆದಿದ್ದರು.

ಲಕ್ಷ್ಮಪ್ಪ ರಾಚಪ್ಪನ ಕೈಗಾಗಿ ಕಾದೂ ಕಾದೂ ಬೇಸತ್ತು, ಕಡೆಗೆ ತಾಯಿ ಬೇಡವೆಂದರೂ ಕೇಳದೆ, ಕಡಾಣಿಯನ್ನು ತಾನೇ ಹಾಕಿದ್ದ. ನೆರೆಮನೆಯ ಎತ್ತು ಹೂಡಿ, ಮರೋಳಕ್ಕೆ ಕೊಟ್ಟ ಅಕ್ಕನನ್ನು ಹೊಸ ದಮಣಿಯಲ್ಲಿ ತವರಿಗೆ ಕರೆತರುತ್ತೇನೆಂದು ಹಾಡಿಕೊಂಡು ಹೊರಟಿದ್ದ. ಇಳಿಜಾರಿನಲ್ಲಿ ಅಚ್ಚು ಮುರಿಯಿತು. ಬಂಡಿ ಮಗುಚಿತು. ಕಬ್ಬಿಣದ ಹಳಿ ಬಡಿದ ಗಾಲಿ ಅವನ ಎದೆಯ ಮೇಲೆ ಬಿದ್ದಿತ್ತು. ಜನ ಅದೇ ಕೆಂಪು ಪರದೆಯನ್ನು ಹರಿದು ಅವನ ಮೇಲೆ ಹೊದಿಸಿದ್ದರು.

ಮಣ್ಣು ಕೊಟ್ಟು ಬಂದ ಮೇಲೆ ಅಬ್ದುಲಸಾಬ ಸಕ್ರವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಒತ್ತೆ ಇಟ್ಟ ದಿನವೇ ಹೇಳಬೇಕಿತ್ತು, ರಾಚಪ್ಪನ ಅನ್ನದ ಹಂಗಿಗೆ ಬಾಯಿ ಕಟ್ಟಿತು ಎಂದು ಅತ್ತ. ಅವಳು ಅಳಲಿಲ್ಲ. ಎಲ್ಲಿ ತೋರಿಸು ಎಂದಳು. ಅಂಗಳಕ್ಕೆ ಎಳೆದು ತಂದಿದ್ದ ಮುರಿದ ಅಚ್ಚಿನ ಮುಂದೆ ಕೂತು, ಗೋಣಿ ಹೊಲಿಯುವ ದಬ್ಬಣದಿಂದ ಬಿರುಕಿನೊಳಗಿನ ಮೇಣವನ್ನು ಎಳೆಎಳೆಯಾಗಿ ಕೆದರಿ ತೆಗೆದಳು. ಅಂಗೈ ತುಂಬುವಷ್ಟು ಬಂತು.

ಮುಂದಿನದನ್ನು ನೋಡಿದವಳು ಪಕ್ಕದ ಮನೆಯ ಅಮೀನಬಿ, ಗೋಡೆಯ ಮೇಲಿಂದ. ಸಕ್ರವ್ವ ಆ ಮೇಣಕ್ಕೆ ಮಗನ ಗೋರಿಯ ಮಣ್ಣು ಸೇರಿಸಿ, ಕೀಲೆಣ್ಣೆ ಹಾಕಿ ನಾದಿದಳು. ರಾಚಪ್ಪ ಕೈ ಒರೆಸಿದ್ದ ಬೇವಿನ ತೊಗಟೆಯನ್ನು ಕೆತ್ತಿ ತಂದು ಅದರೊಳಗೆ ಕೂಡಿಸಿದಳು. ಅದರಿಂದ ಒಂದು ತೋಳು ಮಾಡಿದಳು. ಬೆರಳು, ಮಣಿಕಟ್ಟು, ಮೊಣಕೈ, ಎಲ್ಲ ಇತ್ತು. ಅಚ್ಚಿನ ತುದಿಯಲ್ಲಿ ಉಳಿದಿದ್ದ ಕಡಾಣಿಯನ್ನು ತಂದು ಒಲೆಯಲ್ಲಿ ಕೆಂಪಗೆ ಕಾಸಿದಳು. ಅದರ ತುದಿಯಿಂದ ಮೇಣದ ಮಣಿಕಟ್ಟಿನ ಮೇಲೆ ಒಂದು ಸಣ್ಣ ಗೀಟು ಎಳೆದಳು. ಚುರ್ರೆಂದಿತು. ಹೊಗೆ ಅಂಗಳವೆಲ್ಲ ತುಂಬಿತು. ಮೇವು ತಿನ್ನುತ್ತಿದ್ದ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು.

ಅವನನ್ನು ಕೊಲ್ಲಬೇಡ ಸಕ್ರವ್ವ, ಪಾಪ ಬರುತ್ತದೆ ಎಂದು ಅಮೀನಬಿ ಗೋಡೆಯ ಆಚೆಯಿಂದಲೇ ಅಂದಳು.

“ಕೊಲ್ಲೂದಿಲ್ಲವ್ವ. ಅಂವ ಸಾಯಬಾರದು,” ಎಂದಳು ಸಕ್ರವ್ವ.

ಬಾದಾಮಿಯಲ್ಲಿ ರಾಚಪ್ಪ ಕೆರೆಯ ದಂಡೆಯ ಒಂದು ಮಹಡಿ ಕೋಣೆ ಹಿಡಿದಿದ್ದ. ಸೀರೆ ಗಂಟುಗಳು ಇಳಕಲ್ಲಿನಿಂದ ಒಂದೊಂದಾಗಿ ಬರಬೇಕಿತ್ತು. ಹುಡುಗನ ಸುದ್ದಿ ಗಂಟು ತಂದವರಿಂದಲೇ ತಿಳಿಯಿತು. ಕೇಳಿದವನು ಹಣೆಬರಹ ಎಂದ, ಊಟ ತರಿಸಿದ. ಊಟದ ನಡುವೆ ಬಲಗೈಯ ಮಣಿಕಟ್ಟು ಕಡಿಯಿತು. ಕೆರೆದುಕೊಂಡ. ಇರುವೆ ಕಚ್ಚಿರಬೇಕೆಂದುಕೊಂಡ.

ಮಧ್ಯಾಹ್ನದ ಬಿಸಿಲಿಗೆ ಎರಡೂ ಬದಿಯ ಕೆಂಪು ಬಂಡೆ ಕಾದು, ಊರೇ ಒಲೆಯ ಬಾಯಿಯಂತಾಗಿತ್ತು. ಕೋಣೆಯ ಕಿಟಕಿ ಮುಚ್ಚಿದರೆ ಕಗ್ಗತ್ತಲು, ತೆರೆದರೆ ಬೆಂಕಿಗಾಳಿ. ಮುಚ್ಚಿ ಮಲಗಿದ. ಕತ್ತಲಲ್ಲಿ ವಾಸನೆ ಬಂತು. ಅರಗಿನದು, ಔಡಲೆಣ್ಣೆಯದು, ದೀಪದ ಕಾಡಿಗೆಯದು. ಎಲ್ಲಿಂದ ಎಂದು ಮೂಸುತ್ತ ಹೋದವನು ತನ್ನ ಕೈಗೇ ಬಂದು ನಿಂತ. ಕಿಟಕಿ ತೆರೆದು ನೋಡಿದ. ಮಣಿಕಟ್ಟಿನಿಂದ ಮೇಲಕ್ಕೆ ಕೂದಲೆಳೆಯಷ್ಟು ಸಣ್ಣ ಕರಿಗೀಟು.

ಕೆರೆಗಿಳಿದು ತಿಕ್ಕಿ ತೊಳೆದ. ಹೋಗಲಿಲ್ಲ. ಉಗುರಿನಿಂದ ಕೆದರಿದ. ನೋವಿಲ್ಲ, ರಕ್ತವಿಲ್ಲ. ಉಗುರಿನ ಸಂದಿಗೆ ಏನೋ ಮೆತ್ತಗೆ ಅಂಟಿತು. ಬಿಸಿಲಿಗೆ ಹಿಡಿದ. ಮೇಣ.

ಮಾಟ ಗೀಟ ಎಲ್ಲ ಹಳ್ಳಿಗರ ಹುಚ್ಚು ಎಂದು ಜೋರಾಗಿಯೇ ಹೇಳಿಕೊಂಡ. ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಮಾತ್ರ ಅವನ ಕೈ ನೋಡಿ, ಒಗೆಯುವುದನ್ನು ಬಿಟ್ಟು, ಹಸಿ ಬಟ್ಟೆಯನ್ನೇ ಬಾಚಿಕೊಂಡು ಎದ್ದು ಹೋದಳು.

ಗೀಟು ದಿನಾ ಮಧ್ಯಾಹ್ನ ಬೆಳೆಯಿತು. ಮೊಣಕೈಗೆ ಬಂತು. ಮೊಣಕೈ ದಾಟಿತು. ಕೈ ಮಡಿಸಿದರೆ ಒಳಗೆ ಕಿರ್ರೆನ್ನುತ್ತಿತ್ತು, ಎಣ್ಣೆ ಕಾಣದ ಗಾಲಿಯ ಹಾಗೆ. ರಾಚಪ್ಪ ರುಮಾಲು ಹರಿದು ತೋಳಿಗೆ ಸುತ್ತಿಕೊಂಡ. ಕಡೆಯ ಗಂಟು ಬಂದ ದಿನವೇ ಸಂಜೆಯ ರೈಲಿಗೆ ಹೊರಟುಬಿಟ್ಟ.

ಟೇಶನ್ನು ಊರಿಂದ ದೂರ. ಗಂಟುಗಳನ್ನು ಹಮಾಲರ ತಲೆಯ ಮೇಲೆ ಮುಂದಾಗಿ ಕಳಿಸಿ, ತಾನೊಂದು ಬಾಡಿಗೆ ಬಂಡಿ ಹತ್ತಿದ. ಊರ ಅಗಸೆಬಾಗಿಲು ದಾಟುವಷ್ಟರಲ್ಲಿ ಬಲಗಾಲಿಯ ಕಡಾಣಿ ಕಳಚಿ ಬಿತ್ತು. ಇನ್ನೊಂದು ಬಂಡಿ ಹಿಡಿದ. ಅದರ ಕಡಾಣಿಯೂ ಬಿತ್ತು, ಬಲಗಾಲಿಯದೇ. ಬಂಡಿಯವನು ಇಳಿದು ಬಂದು ರುಮಾಲು ಸುತ್ತಿದ ತೋಳನ್ನು ನೋಡಿದ. ಅದರಿಂದ ಕರ್ರಗೆ ಎಣ್ಣೆ ಜಿನುಗುತ್ತಿತ್ತು.

“ಇಳೀರಿ,” ಎಂದ. “ಬಾಡಿಗಿ ಬ್ಯಾಡ. ಮೊದಲ ಇಳೀರಿ.”

ರಾಚಪ್ಪ ನಡೆದ. ಹೊತ್ತು ಮುಳುಗುತ್ತಿತ್ತು. ಕೆಂಪು ಬಂಡೆಗಳ ನೆರಳು ಉದ್ದಕ್ಕೆ ಚಾಚಿ ಹಾದಿಯನ್ನು ಮುಚ್ಚುತ್ತಿತ್ತು. ಹಿಂದೆ ಗಾಲಿಯೊಂದು ಉರುಳುವ ಸದ್ದು ಬಂತು. ಎತ್ತಿನ ಗೊರಸಿಲ್ಲ, ಗೆಜ್ಜೆಯಿಲ್ಲ. ಒಂದೇ ಗಾಲಿ. ನಿಂತ. ಸದ್ದೂ ನಿಂತಿತು. ತಿರುಗಿ ನೋಡಿದ. ಹಾದಿ ಬರಿದು. ಆದರೆ ಧೂಳಿನಲ್ಲಿ ಅವನ ಹೆಜ್ಜೆಗಳ ಬಲಕ್ಕೆ ಒಂದೇ ಗಾಲಿಯ ಚಾಕೋರಿ ಗೆರೆ ಬಿದ್ದಿತ್ತು. ಅವನ ಕಾಲ ಹತ್ತಿರಕ್ಕೇ ಬಂದು ಕೊನೆಯಾಗಿತ್ತು.

ಓಡಿದ. ಅದೂ ಓಡಿತು. ಬಾಯಿಗೆ ಧೂಳು. ಮೂಗಿಗೆ ಅರಗು. ಕತ್ತಲಾಯಿತು. ದೂರದಲ್ಲಿ ಟೇಶನ್ನಿನ ಕಂದೀಲು. ರೈಲು ಬಂದು ನಿಂತಿತ್ತು. ಹಮಾಲರು ಗಂಟುಗಳನ್ನು ಒಳಗೆ ಹಾಕಿ ಆಗಿತ್ತು. ಸೀಟಿ ಊದಿತು. ರೈಲು ಅಲುಗಿತು. ರಾಚಪ್ಪ ಕಟ್ಟೆಯ ಮೇಲೆ ಹಾರಿದ. ಹಿಂದೆ ಗಾಲಿಯೂ ಹತ್ತಿತು. ಡಬ್ಬಿಯ ಬಾಗಿಲಿನ ಸರಳು ಕಂಡಿತು. ಬಲಗೈ ಚಾಚಿದ. ಹಿಡಿದ. ಮೈಭಾರವೆಲ್ಲ ಆ ಕೈಗೆ ಬಿತ್ತು.

ಅಚ್ಚು ಮುರಿಯುವ ಸದ್ದು ಅವನಿಗೆ ಗೊತ್ತಿತ್ತು. ಅಮೀನಗಡದ ಇಳಿಜಾರಿನಲ್ಲಿ ಅರ್ಧ ಕೇಳಿದ್ದ. ಈಗ ಪೂರ್ತಿ ಕೇಳಿದ, ತನ್ನದೇ ತೋಳಿನೊಳಗಿಂದ.

ಕಟ್ಟೆಯ ಮೇಲೆ ಬಿದ್ದವನ ಮುಂದೆ ಡಬ್ಬಿಗಳು ಒಂದೊಂದಾಗಿ ಹಾದು ಹೋದವು. ಸೀರೆಗಳೂ ಹೋದವು. ಜನ ಬಂದು ಕಂದೀಲು ಹಿಡಿದು ನೋಡಿದರು. ಮುರಿದ ಕಡೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಅದರ ಬಿರುಕಿನ ತುಂಬ ಕರಿ ಮೇಣ. ಕಂದೀಲು ಹಿಡಿದವನು ಅದನ್ನು ಅಲ್ಲೇ ಇಟ್ಟು ಹಿಂದೆ ಸರಿದ.

ಅವನನ್ನು ಅಲ್ಲಿಂದ ಎತ್ತಿದವನು ಅಬ್ದುಲಸಾಬ. ಕಡಾಣಿ ಹಾಕಲು ಬಾ ಎಂಬ ಸಕ್ರವ್ವನ ಮಾತನ್ನೇ ಮತ್ತೆ ಹೊತ್ತು ಬಾದಾಮಿಗೆ ಬಂದು, ಟೇಶನ್ನಿಗೆ ಹೋದನೆಂದು ಕೇಳಿ ಹಿಂಬಾಲಿಸಿದ್ದ. ಈ ಸಲ ರಾಚಪ್ಪ ನಗಲಿಲ್ಲ. ಗುಡೂರಿನ ಕಡೆ ಹೊರಟಿದ್ದಕ್ಕೆ ಬಂಡಿಯ ಕಡಾಣಿಯೂ ಬೀಳಲಿಲ್ಲ. ಅಬ್ದುಲಸಾಬ ತಂದಿದ್ದ ಬಂಡಿಯ ಒಂದು ಅರ ಒಳಗೆ ಸೀಳಿತ್ತು, ಹೊಡೆಯುವವನಿಗೂ ಅದು ಗೊತ್ತಿರಲಿಲ್ಲ. ರಾಚಪ್ಪನಿಗೆ ಗೊತ್ತಾಯಿತು. ಗಾಲಿ ಸುತ್ತಿದಾಗಲೆಲ್ಲ ಆ ಅರ ಕೆಳಗೆ ಬಂದ ಕ್ಷಣಕ್ಕೆ ಅವನ ತೋಳಿನೊಳಗೆ ಗರಗಸ ಆಡಿದಂತಾಗುತ್ತಿತ್ತು. ಗುಡೂರು ಮುಟ್ಟುವವರೆಗೂ ಕೂಗಿದ.

ಸಕ್ರವ್ವ ಅಂಗಳದಲ್ಲಿ ಕಾಯುತ್ತಿದ್ದಳು. ಮುರಿದ ದಮಣಿ ಬೇವಿನ ನೆರಳಲ್ಲಿ ಮಗ್ಗುಲಾಗಿ ಬಿದ್ದಿತ್ತು. ರಾಚಪ್ಪ ಸೊಂಟದ ಚೀಲ ಬಿಚ್ಚಿ ಅವಳ ಕಾಲ ಬಳಿ ಸುರಿದ. ಅವಳು ಅದರ ಕಡೆ ನೋಡಲೂ ಇಲ್ಲ. ಜೋತಾಡುವ ಅವನ ಬಲಗೈಯನ್ನು ತಾನೇ ಎತ್ತಿ, ಬೆರಳುಗಳ ನಡುವೆ ಕಡಾಣಿ ಇಟ್ಟು, ಅಚ್ಚಿನ ತುದಿಗೆ ಒಯ್ದಳು. ಅವನು ನೋವಿಗೆ ಕಣ್ಣು ಮುಚ್ಚಿದ. ಕಡಾಣಿ ತೂತಿಗೆ ಇಳಿಯಿತು.

“ಕುಂದಿತ್ತು,” ಎಂದ ರಾಚಪ್ಪ. ಯಾರೂ ಕೇಳಿರಲಿಲ್ಲ, ಅದು ತಾನಾಗಿಯೇ ಬಂತು. “ನನಗ ಗೊತ್ತಿತ್ತು. ಮೇಣ ನಾನ ತುಂಬಿದ್ದೆ.”

ತೋಳಿನ ಕರಿಗೀಟು ಹೆಗಲಿನ ಹತ್ತಿರ ಬಂದು ನಿಂತಿತ್ತು. ಇನ್ನು ನಾಲ್ಕು ಬೆರಳು ಏರಿದ್ದರೆ ಎದೆ. ಅದು ಅಲ್ಲಿಗೇ ನಿಂತಿತು. ಮಾಡದಲ್ಲಿದ್ದ ಮೇಣದ ತೋಳನ್ನು ಸಕ್ರವ್ವ ಕರಗಿಸಲೂ ಇಲ್ಲ, ಮುರಿಯಲೂ ಇಲ್ಲ. ದೀಪದ ಪಕ್ಕ ಹಾಗೆಯೇ ಇಟ್ಟಳು. ಖರೆ ಹೇಳಿದನಲ್ಲ, ಇನ್ನು ಬಿಟ್ಟುಬಿಡು ಎಂದು ಅಬ್ದುಲಸಾಬ ಕೈಮುಗಿದ. ಈ ಖರೆ ನನ್ನ ಮಗ ಬಂಡಿ ಹತ್ತುವ ಮೊದಲು ಬರಬೇಕಿತ್ತು ಎಂದಳು ಅವಳು. ಅಬ್ದುಲಸಾಬ ಮುಗಿದ ಕೈ ಇಳಿಸಿದ, ಅವನೂ ತಡವಾಗಿಯೇ ಹೇಳಿದವನು.

ರಾಚಪ್ಪನಿಗೆ ಗುಡೂರು ಬಿಟ್ಟು ಹೋಗಲಾಗಲಿಲ್ಲ. ಬಂಡಿ ಹತ್ತಿದರೆ ಕಡಾಣಿ ಬೀಳುತ್ತಿತ್ತು, ನಡೆದರೆ ಒಂಟಿ ಗಾಲಿ ಹಿಂದೆ ಬರುತ್ತಿತ್ತು. ಸಕ್ರವ್ವನ ಎಮ್ಮೆ ಕೊಟ್ಟಿಗೆಯೇ ಅವನ ಮನೆಯಾಯಿತು. ಎಲುಬು ಕೂಡಲಿಲ್ಲ. ಕೀವಾಗಲಿಲ್ಲ, ಕೊಳೆಯಲಿಲ್ಲ, ಜೀವ ತೆಗೆಯುವಂಥದ್ದು ಏನೂ ಆಗಲಿಲ್ಲ. ಒಳಗೆ ಕುಂದಿರುವ ಬಂಡಿ ಯಾವುದೇ ಆಗಲಿ, ಆ ಹಾದಿಯಲ್ಲಿ ಬಂದರೆ ಸಾಕು, ಅವನು ತೋಳು ಹಿಡಿದುಕೊಂಡು ಉರುಳಾಡುತ್ತಿದ್ದ. ಬಂಡಿಯವರಿಗೆ ಇದು ಬಲುಬೇಗ ಗೊತ್ತಾಯಿತು. ಬಾಗಲಕೋಟೆ, ಹುನಗುಂದದ ಕಡೆಯಿಂದಲೂ ಬಂಡಿ ಕೊಳ್ಳುವವರು ಮೊದಲು ಅದನ್ನು ಗುಡೂರಿಗೆ ಹೊಡೆದುಕೊಂಡು ಬಂದು, ಸಕ್ರವ್ವನ ಕೊಟ್ಟಿಗೆಯ ಮುಂದೆ ನಿಲ್ಲಿಸಿ ಕಿವಿಗೊಡುತ್ತಿದ್ದರು. ಒಳಗಿಂದ ಕೂಗು ಬಂದರೆ ಬಂಡಿ ಬೇಡವೆಂದು ತಿರುಗಿಸಿಕೊಂಡು ಹೋಗುತ್ತಿದ್ದರು. ಆ ಸೀಮೆಯಲ್ಲಿ ಮತ್ತೆ ಯಾರೂ ಅಚ್ಚು ಮುರಿದು ಸಾಯಲಿಲ್ಲ ಎನ್ನುತ್ತಾರೆ. ಒಬ್ಬನ ಕೂಗಿನಿಂದ ಊರಿಗೆಲ್ಲ ಒಳ್ಳೆಯದಾಯಿತು. ಆ ಒಳ್ಳೆಯದು ಲಕ್ಷ್ಮಪ್ಪನಿಗೆ ಮಾತ್ರ ಸಿಗಲಿಲ್ಲ.

ಸಕ್ರವ್ವ ಅವನಿಗೆ ಹೊತ್ತು ಹೊತ್ತಿಗೆ ತಪ್ಪದೆ ಉಣಿಸುತ್ತಿದ್ದಳು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಮಗನಿಗೆ ಹೇಗೋ ಹಾಗೆ. ನೋಡಿದವರು ಎಂಥ ದೊಡ್ಡ ಮನಸ್ಸು ಎಂದರು. ಅಮೀನಬಿ ಮಾತ್ರ ಆ ಹೊತ್ತಿಗೆ ಗೋಡೆಯ ಹತ್ತಿರ ಸುಳಿಯುತ್ತಿರಲಿಲ್ಲ. ಒಂದು ದಿನ ರಾಚಪ್ಪ ಬಾಯಿ ಬಿಗಿಹಿಡಿದ. ಉಣ್ಣುವುದಿಲ್ಲ, ನನ್ನನ್ನು ಸಾಯಲು ಬಿಡಿ ಎಂದು ಅತ್ತ.

ಸಕ್ರವ್ವ ಅವನ ತಲೆ ನೇವರಿಸಿದಳು. ರೊಟ್ಟಿ ಮುರಿದು, ಬೆಣ್ಣೆ ಹಚ್ಚಿ, ತುತ್ತನ್ನು ಅವನ ತುಟಿಗೆ ಹಿಡಿದಳು.

“ನನ್ನ ಮಗ ಬಾಳಬೇಕಾಗಿದ್ದ ಆಯುಷ್ಯ ಎಲ್ಲಾ ನಿನಗಿರಲಿ. ಉಣ್ಣು.”

ಹೊರಗೆ ಹುನಗುಂದದ ಕಡೆಯಿಂದ ಒಂದು ಬಂಡಿ ಬರುವ ಸದ್ದು ಕೇಳಿಸಿತು. ರಾಚಪ್ಪ ತುತ್ತು ಬಾಯಲ್ಲಿಟ್ಟುಕೊಂಡೇ ತೋಳನ್ನು ಎದೆಗೆ ಅವುಚಿಕೊಂಡ.